ಸಾಲ್ಟೇರ್ ಎಂಬ ಕ್ವಾರ್ಟರ್ಸ್ ಊರು

ಕೆಲಸಕ್ಕೆಂದು ಲೀಡ್ಸ್‌ಗೆ ಬಂದು ಆರು ತಿಂಗಳಾಗಿತ್ತು. ವಾರವೆಲ್ಲ ಲ್ಯಾಪ್‌ಟಾಪ್, ಶನಿವಾರ ಬಟ್ಟೆ ಒಗೆಯೋದು, ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್. "ಬರೀ ರೂಮಲ್ಲೇ ಕೂತಿದ್ರೆ ಇಂಗ್ಲೆಂಡ್ ಆದ್ರೇನು, ಬಿಟಿಎಂ ಲೇಔಟ್ ಆದ್ರೇನು? ಎಲ್ಲಾದ್ರೂ ಹೋಗಿ ನೋಡ್ಕೊಂಡು ಬಾರೋ" ಅಂತ ಅಪ್ಪ ಬೈದ ಮೇಲೆ ರೈಲು ಹತ್ತಿದೆ. ಕಾಲು ಗಂಟೆಯ ಆಸುಪಾಸಿನಲ್ಲಿ ಸಾಲ್ಟೇರ್ ಬಂತು.

ಬ್ರಾಡ್‌ಫರ್ಡ್ ನಗರದ ಅಂಚಿನಲ್ಲಿ, ಶಿಪ್ಲಿ ಪಟ್ಟಣಕ್ಕೆ ಅಂಟಿಕೊಂಡ ಹಳ್ಳಿ ಇದು. ಹಳ್ಳಿ ಅಂದ ತಕ್ಷಣ ಗದ್ದೆ, ಕೊಟ್ಟಿಗೆ ನೆನೆಸ್ಕೋಬೇಡಿ. ಜೇನುಬಣ್ಣದ ಕಲ್ಲಿನ ಮನೆಗಳು, ಗೆರೆ ಎಳೆದ ಹಾಗೆ ನೇರ ಬೀದಿಗಳು, ಕೆಳಗೆ ರೈಲು ಹಳಿಗೂ ಕಾಲುವೆಗೂ ನಡುವೆ ದೈತ್ಯ ಗಿರಣಿ. ಕಟ್ಟಿಸಿದವರು ಟೈಟಸ್ ಸಾಲ್ಟ್, ಪಕ್ಕದಲ್ಲಿ ಹರಿಯೋದು ಏರ್ ನದಿ. ಎರಡೂ ಸೇರಿ ಸಾಲ್ಟೇರ್.

ಸಾಲ್ಟ್ ಬ್ರಾಡ್‌ಫರ್ಡ್‌ನ ಉಣ್ಣೆ ಉದ್ಯಮಿ. ದಕ್ಷಿಣ ಅಮೆರಿಕದ ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆಯಿಂದ ನಯವಾದ ಬಟ್ಟೆ ನೇಯಿಸಿ ಶ್ರೀಮಂತರಾದರು. ಆಗಿನ ಬ್ರಾಡ್‌ಫರ್ಡ್ ಹೊಗೆ, ಕೊಳಕು ನೀರು, ಕಾಲರಾಗಳ ಊರು. ಅಲ್ಲಿಂದ ಹೊರಗೆ ಬಂದು 1853ರಲ್ಲಿ, ತಮ್ಮ ಐವತ್ತನೇ ಹುಟ್ಟುಹಬ್ಬದ ದಿನ ಹೊಸ ಗಿರಣಿ ಶುರು ಮಾಡಿದರು. ಆಮೇಲೆ ಒಂದೊಂದಾಗಿ ಮನೆ, ಶಾಲೆ, ಆಸ್ಪತ್ರೆ, ಚರ್ಚ್, ಸ್ನಾನಗೃಹ, ವಯಸ್ಸಾದವರಿಗೆ ಪುಟ್ಟ ಮನೆಗಳು ಎದ್ದವು. ಬೀದಿಗಳಿಗೆ ಹೆಂಡತಿ ಕ್ಯಾರೊಲಿನ್ ಮತ್ತು ಮಕ್ಕಳ ಹೆಸರು. ಹೆಂಡದಂಗಡಿ ಮಾತ್ರ ಇಡಲಿಲ್ಲ. ಇದೆಲ್ಲ ಕಾಳಜಿಯೋ, ಕೆಲಸಗಾರರು ಹದ್ದುಬಸ್ತಿನಲ್ಲಿ ಇರಲಿ ಅನ್ನೋ ಲೆಕ್ಕಾಚಾರವೋ? ಬಹುಶಃ ಎರಡೂ.

ಬೀದಿಯಲ್ಲೇ ನಿಂತು ಅಪ್ಪನಿಗೆ ಕಾಲ್ ಮಾಡಿದೆ. ನೋಡಿದವರೇ ಕೇಳಿದ್ದು, "ಆ ದೊಡ್ಡ ಮನೆಗಳು ಯಾರಿಗೆ?"

"ಮೇಲ್ವಿಚಾರಕರಿಗಂತೆ, ಅಪ್ಪ."

"ಹೂಂ, ಗೊತ್ತಾಯ್ತು. ಕ್ವಾರ್ಟರ್ಸ್!"

ಅಪ್ಪನಿಗೆ ಗೊತ್ತಾಗದೆ ಇನ್ನೇನು? ನಾನು ಹುಟ್ಟಿ ಬೆಳೆದದ್ದೂ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲೇ. ಸೈರನ್ ಕೂಗಿದರೆ ಅಮ್ಮ ಅಕ್ಕಿ ಇಡುತ್ತಿದ್ದಳು. ಆಫೀಸರುಗಳಿಗೆ ಕಾಂಪೌಂಡ್ ಇರುವ ಮನೆ, ನಮಗೆ ಎರಡು ಕೋಣೆ. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಕಾರ್ಖಾನೆ ನಿಂತಿತು. ಮೊದಲು ಸಂಬಳ ಹೋಯಿತು, ಹಿಂದೆಯೇ ಮನೆ ಖಾಲಿ ಮಾಡಿ ಅನ್ನೋ ನೋಟಿಸ್ ಬಂತು. ಅಮ್ಮ ಬೆಳೆಸಿದ ಮಲ್ಲಿಗೆ ಬಳ್ಳಿ ಅಲ್ಲೇ ಉಳಿಯಿತು. ಈಗ ಆ ಮನೆಯ ಚಾವಣಿಯಲ್ಲಿ ಅರಳಿ ಗಿಡ ಬೆಳೆದಿದೆ.

"ಅಲ್ಲಿ ಗಿರಣಿ ಇನ್ನೂ ನಡೀತಿದೆಯಾ?" ಅಪ್ಪ ಕೇಳಿದರು.

ಇಲ್ಲ, 1986ರಲ್ಲಿ ಅದೂ ಮುಚ್ಚಿತು. ಮಾರನೇ ವರ್ಷ ಜೊನಾಥನ್ ಸಿಲ್ವರ್ ಎಂಬ ಉದ್ಯಮಿ ಕೊಂಡು, ಬ್ರಾಡ್‌ಫರ್ಡ್‌ನಲ್ಲೇ ಹುಟ್ಟಿದ ಕಲಾವಿದ ಡೇವಿಡ್ ಹಾಕ್ನಿಯ ಚಿತ್ರಗಳ ಗ್ಯಾಲರಿ ಮಾಡಿದರು. ಈಗ ಒಳಗೆ ಪುಸ್ತಕದಂಗಡಿ, ಹೋಟೆಲು ಎಲ್ಲ ಇವೆ. ಪ್ರವೇಶ ಉಚಿತ. 2001ರಲ್ಲಿ ಊರಿಗೆ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆಯೂ ಸಿಕ್ಕಿತು.

ಅಪ್ಪನಿಗೆ ಗ್ಯಾಲರಿ ಬೇಕಿರಲಿಲ್ಲ. "ಅದಿರಲಿ. ಮನೆಗಳಲ್ಲಿದ್ದೋರು ಎಲ್ಲಿ ಹೋದ್ರು?"

ನನಗೂ ಮುಖ್ಯ ಅನ್ನಿಸಿದ್ದು ಈ ಪ್ರಶ್ನೆಯೇ. ಗಿರಣಿ ಮುಚ್ಚೋಕೆ ಐವತ್ತು ವರ್ಷ ಮೊದಲೇ, 1933ರಲ್ಲಿ, ಮನೆಗಳು ಗಿರಣಿಯ ಕೈಬಿಟ್ಟು ಬೇರೊಂದು ಸಂಸ್ಥೆಗೆ ಮಾರಾಟವಾಗಿದ್ದವು. ಕ್ರಮೇಣ ಅನೇಕ ಮನೆಗಳನ್ನು ಅಲ್ಲಿದ್ದವರೇ ಕೊಂಡರು. ಹಾಗಾಗಿ ಮಗ್ಗ ನಿಂತ ದಿನ ನೌಕರಿ ಹೋಯಿತೇ ಹೊರತು, ಅದರ ಜೊತೆಗೇ ಸೂರೂ ಹೋಗಲಿಲ್ಲ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಷ್ಟರಲ್ಲಿ ಎದುರು ಮನೆಯ ಅಜ್ಜಿಯೊಬ್ಬರು ಬಾಗಿಲು ತೆರೆದು ಹೂಕುಂಡಗಳಿಗೆ ನೀರು ಹಾಕತೊಡಗಿದರು.

"ಬಾರೇ ಇಲ್ಲಿ," ಅಪ್ಪ ಒಳಗಿದ್ದ ಅಮ್ಮನನ್ನು ಕೂಗಿದರು. "ಇವರ ಗಿಡ ನೋಡು ಬಾ. ಯಾರೂ ಬಿಟ್ಟು ಹೋಗು ಅನ್ನಲ್ವಂತೆ."