ಹೊಗೆಗೆ ತಕ್ಕ ಮರ

ಅಮೆರಿಕದ ಆರೆಗನ್ ಸಂಸ್ಥಾನದಲ್ಲಿ, ಚಳಿಗಾಲವೆಲ್ಲ ಸಣ್ಣ ಜಡಿಮಳೆ ಹಿಡಿದುಕೊಂಡಿರುವ ವಿಲಾಮೆಟ್ ಕಣಿವೆಯಲ್ಲಿರುವ ಮಗಳ ಮನೆಯ ಹಿತ್ತಿಲಿನಲ್ಲಿ, ಜನವರಿಯ ಒಂದು ಬೆಳಗ್ಗೆ, ಒಂದಡಿ ಉದ್ದದ ತೂತುತೂತಾದ ಉಕ್ಕಿನ ಕೊಳವೆಯೊಳಗೆ ತುಂಬಿದ್ದ ಮರದ ಗುಳಿಗೆಗಳು, ಉರಿದೇಳದೆ, ಆರಿಯೂ ಹೋಗದೆ, ಊದುಬತ್ತಿಯಂತೆ ಒಂದೇ ಸಮನೆ ಹೊಗೆಯಾಡುತ್ತ, ಮೇಲಿನ ಜಾಲರಿಯಲ್ಲಿಟ್ಟಿದ್ದ ಚೆಡ್ಡರ್ ಚೀಸಿನ ಗಟ್ಟಿಗಳಿಗೆ ತಮ್ಮ ಗಂಧವನ್ನು ಸವರುತ್ತಿದ್ದುದನ್ನು ನೋಡುತ್ತ ನಾನು ಬಹಳ ಹೊತ್ತು ನಿಂತಿದ್ದೆ. ಕೊಳವೆಯನ್ನೂ ಜಾಲರಿಯನ್ನೂ ಇಟ್ಟಿದ್ದ ಪೆಟ್ಟಿಗೆಯೊಳಗಿನ ಕಾವು 20 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿರಲಿಲ್ಲ. ಚೀಸು ಕರಗಲಿಲ್ಲ, ಬೆವರಲೂ ಇಲ್ಲ. ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಅದರ ಮೈ ಮಾತ್ರ ಹಳೆಯ ದಂತದ ಬಣ್ಣಕ್ಕೆ ತಿರುಗಿತ್ತು.

ಹೊಗೆಯಿಂದ ಆಹಾರವನ್ನು ಹದಗೊಳಿಸುವ ಕ್ರಮಗಳು ಎರಡು. ಒಂದರಲ್ಲಿ ಹೊಗೆಯೊಡನೆ ಬೆಂಕಿಯ ಕಾವೂ ಸೇರಿ ಮಾಂಸವನ್ನೋ ಮೀನನ್ನೋ ಬೇಯಿಸಿಬಿಡುತ್ತದೆ. ಇನ್ನೊಂದರಲ್ಲಿ, ಶೀತಧೂಮವೆಂದು ನಾವು ಕರೆಯಬಹುದಾದ ಈ ಪದ್ಧತಿಯಲ್ಲಿ, ಕಾವನ್ನು 30 ಡಿಗ್ರಿಯ ಕೆಳಗೇ ಹಿಡಿದಿಟ್ಟು, ಚೀಸು, ಬೆಣ್ಣೆ, ಬಾದಾಮಿ, ಉಪ್ಪು, ಒಣಮೆಣಸಿನಕಾಯಿ ಮೊದಲಾದವುಗಳಿಗೆ ಬರಿಯ ಗಂಧವನ್ನಷ್ಟೇ ಕೂಡಿಸುತ್ತಾರೆ. ಬೇಯಿಸುವ ಕ್ರಮದಲ್ಲಿ ಮರದ ದೋಷವನ್ನು ಮಸಾಲೆ, ಕೊಬ್ಬು, ಸೀದ ಹೊರಪದರ ಇವೆಲ್ಲ ಒಂದಿಷ್ಟು ಮರೆಮಾಡಿಯಾವು. ತಣ್ಣನೆಯ ಹೊಗೆಯಲ್ಲಿ ಮರೆಮಾಡುವುದಕ್ಕೆ ಏನೂ ಇಲ್ಲ. ಸಾರಿಗೆ ಉಪ್ಪು ಹುಳಿಗಳು ಹೇಗೋ ಹಾಗೆ ಇಲ್ಲಿ ಮರವೂ ಅಡುಗೆಯ ಒಂದು ಸಾಮಗ್ರಿಯಾದುದರಿಂದ, ಅದನ್ನು ಸೌದೆಯಂತಲ್ಲ, ದಿನಸಿಯಂತೆ ಆರಿಸಿ ಕೊಳ್ಳಬೇಕೆಂಬುದೇ ನಾನು ಹೇಳಹೊರಟಿರುವ ಮಾತು.

ಗುಳಿಗೆ ಹುಟ್ಟಿದುದು ಅಡುಗೆಗಾಗಿ ಅಲ್ಲ. 1973ರಲ್ಲಿ ತೈಲದ ಅಭಾವ ತಲೆದೋರಿ ಮನೆ ಕಾಯಿಸುವ ಎಣ್ಣೆಯ ಬೆಲೆ ಏರಿದ ಮೇಲೆ, ಮರ ಕೊಯ್ಯುವ ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ಬೀಳುತ್ತಿದ್ದ ಹೊಟ್ಟನ್ನು ಒತ್ತಿ ಇಂಧನ ಮಾಡುವ ಪ್ರಯತ್ನ ಅಮೆರಿಕದಲ್ಲಿ ಬಲಗೊಂಡಿತು. ಇದೇ ಕಣಿವೆಯ ಮೌಂಟ್ ಏಂಜೆಲ್ ಎಂಬ ಊರಿನಲ್ಲಿ, ಮನೆ ಕಾಯಿಸುವ ಒಲೆಗಳ ಉದ್ಯಮದಲ್ಲಿದ್ದ ಜೋ ಟ್ರೇಗರ್ 1980ರ ದಶಕದ ಮಧ್ಯದಲ್ಲಿ ಆ ಗುಳಿಗೆಯನ್ನು ಅಡುಗೆಯ ಒಲೆಗೆ ತಂದರು. ಹೊಟ್ಟನ್ನು ಒಣಗಿಸಿ, ನುಣ್ಣಗೆ ಪುಡಿಮಾಡಿ, ಸುಮಾರು 6 ಮಿಲಿಮೀಟರ್ ಅಗಲದ ರಂಧ್ರಗಳುಳ್ಳ ಅಚ್ಚಿನ ಮೂಲಕ ಶಾವಿಗೆ ಒತ್ತುವಂತೆ ಒತ್ತಿದಾಗ, ಘರ್ಷಣೆಯ ಶಾಖಕ್ಕೆ ಮರದೊಳಗಿನ ಲಿಗ್ನಿನ್ ಎಂಬ ದ್ರವ್ಯ ಮೆದುವಾಗಿ, ತಣಿದೊಡನೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಳ್ಳೆಯ ಗುಳಿಗೆಗೆ ಬೇರೆ ಅಂಟಿನ ಹಂಗಿಲ್ಲ.

ಈ ಜನ್ಮವೃತ್ತಾಂತವನ್ನು ಹೇಳಿದುದಕ್ಕೆ ಕಾರಣವುಂಟು. ಅಂಗಡಿಯಲ್ಲಿ ಇಂದಿಗೂ ಮನೆ ಕಾಯಿಸುವ ಗುಳಿಗೆ ಮತ್ತು ಅಡುಗೆಯ ಗುಳಿಗೆ ಎರಡೂ, ಒಂದೇ ಗಾತ್ರ ಒಂದೇ ಬಣ್ಣದಲ್ಲಿ, ಅಣ್ಣತಮ್ಮಂದಿರಂತೆ ಕಾಣುತ್ತವೆ. ಬೆಲೆ ಅರ್ಧಕ್ಕರ್ಧ ಕಡಿಮೆಯೆಂದು, ಮರವೆಲ್ಲ ಮರವೇ ಎಂದ ವ್ಯಾಪಾರಿಯೊಬ್ಬನ ಮಾತನ್ನು ನಂಬಿ, ಮೊದಲ ವರ್ಷ ನಾವು ಮೊದಲನೆಯದನ್ನೇ ಚೀಲಗಟ್ಟಲೆ ತಂದೆವು. ಅದರ ಹೊಗೆಯಲ್ಲಿಟ್ಟ ಚೀಸು ಬಾಯಿಗಿಡುತ್ತಲೇ ಟರ್ಪೆಂಟೈನ್ ಬಳಿದ ಬಾಗಿಲಿನ ನೆನಪು ತಂದಿತು. ನಾಲಗೆಯ ಮೇಲೆ ಮರುದಿನದವರೆಗೂ ಒಂದು ಕಹಿ ಉಳಿಯಿತು. ನಾಲ್ಕು ಗಟ್ಟಿಗಳನ್ನೂ ಎಸೆಯಬೇಕಾಯಿತು. ಹಾಲಿನ ಪದಾರ್ಥವನ್ನು ಹಾಗೆ ಎಸೆದ ದುಃಖ ನನಗೆ ಇನ್ನೂ ಹೋಗಿಲ್ಲ.

ದೋಷವೆಲ್ಲಿತ್ತು? ಕಾಯಿಸುವ ಗುಳಿಗೆಗೆ ಪೈನ್, ಫರ್ ಮೊದಲಾದ ಸೂಚೀಪರ್ಣ ವೃಕ್ಷಗಳ ಹೊಟ್ಟು ತೊಗಟೆ ಸಮೇತವಾಗಿ ಹೋಗುವುದುಂಟು. ಅದನ್ನು ಯಾರೂ ತಿನ್ನುವುದಿಲ್ಲವಾದುದರಿಂದ ಅದರಲ್ಲಿ ಮತ್ತೇನು ಬೆರೆತಿದೆಯೆಂದು ವಿಚಾರಿಸುವವರೂ ಕಡಿಮೆ. ಆ ಮರಗಳ ರಾಳ ಬೆಂದಾಗ ಮಸಿಯೂ ಕಹಿಯೂ ಹುಟ್ಟುತ್ತವೆ. ಲಿಗ್ನಿನ್ನಿನ ಸ್ವಭಾವದಲ್ಲಿಯೇ ಭೇದವಿದೆ: ಅಗಲೆಲೆಯ ಗಟ್ಟಿಮರಗಳ ಲಿಗ್ನಿನ್ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಎರಡು ಬಗೆಯ ಸುಗಂಧದ್ರವ್ಯಗಳು ದೊರೆಯುತ್ತವೆ, ಸೂಚೀಪರ್ಣಗಳಿಂದ ಬರುವುದು ಬಹುಪಾಲು ಮೊದಲನೆಯದೊಂದೇ. ಹೊಗೆಯ ಪರಿಮಳವೆಂದು ನಾವು ಮೂಗಿನಿಂದ ಗುರುತಿಸುವುದು ಬಹುಮಟ್ಟಿಗೆ ಆ ಎರಡನೆಯದನ್ನು. ಇಷ್ಟು ಹೇಳಿದ ಮೇಲೂ ಜರ್ಮನಿಯ ಕಪ್ಪುಕಾಡಿನವರನ್ನು ನೆನೆಯದಿದ್ದರೆ ಅನ್ಯಾಯವಾದೀತು. ಅವರು ತಮ್ಮ ಹೆಸರಾಂತ ಹ್ಯಾಮ್ ಮಾಂಸವನ್ನು ಫರ್ ಮತ್ತು ಸ್ಪ್ರೂಸ್ ಮರಗಳ ತಣ್ಣನೆಯ ಹೊಗೆಯಲ್ಲಿಯೇ ವಾರಗಟ್ಟಲೆ ಇಡುತ್ತಾರೆ. ಆದರೆ ಅದು ತಲೆಮಾರುಗಳ ಕೈಪಳಗು. ಹಿತ್ತಿಲಿನ ಕೊಳವೆಯಲ್ಲಿ ಅನುಕರಿಸತಕ್ಕದ್ದಲ್ಲ.

ಇನ್ನು ಜಾತಿಯ ಮಾತು. ಈ ಸೀಮೆಯ ಮೂಲನಿವಾಸಿಗಳು ಹೊಳೆಯಂಚಿನ ಆಲ್ಡರ್ ಮರದ ಹೊಗೆಯಲ್ಲಿ ಸಾಲ್ಮನ್ ಮೀನನ್ನು ಹದಗೊಳಿಸುತ್ತ ಬಂದವರು; ಆಲ್ಡರಿನ ಹೊಗೆ ಅಷ್ಟು ಮೃದು, ಅಷ್ಟು ವಿನೀತ. ಸೇಬು, ಚೆರ್ರಿಗಳದು ಹಿತವಾದ ಸಿಹಿಗಂಧ. ಓಕ್, ಬೀಚ್‌ಗಳದು ನಡುಮಟ್ಟದ ಗಾಂಭೀರ್ಯ. ಹಿಕರಿ ಚೀಸಿಗೆ ಕೊಂಚ ಜೋರು. ಮೆಸ್ಕೀಟ್ ಮಾತ್ರ ಬಲು ಉಗ್ರ. ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನು ಆವರಿಸಿರುವ ಬಳ್ಳಾರಿ ಜಾಲಿ ಇದರ ದಾಯಾದಿಯೇ ಆದುದರಿಂದ, ಅದರ ಸೌದೆಯನ್ನು ಊದಿ ಕಣ್ಣುಜ್ಜಿಕೊಂಡವರಿಗೆ ಆ ಖಾರವನ್ನು ವರ್ಣಿಸಬೇಕಾಗಿಲ್ಲ. ಆದರೂ ಜಾತಿಗಿಂತ ಶುದ್ಧಿಯೇ ಮುಖ್ಯವೆಂದು ನಾನು ನಂಬಿದ್ದೇನೆ. ಚೀಲದ ಮುಖದಲ್ಲಿ ದೊಡ್ಡ ಅಕ್ಷರದಲ್ಲಿ ಸೇಬು ಎಂದಿದ್ದು, ಬೆನ್ನಿನ ಸಣ್ಣ ಅಕ್ಷರದಲ್ಲಿ ಓಕ್ ಅಥವಾ ಆಲ್ಡರ್ ಹೊಟ್ಟಿಗೆ ಅದನ್ನು ಒಂದಂಶ ಬೆರೆಸಿದೆಯೆಂದೋ, ಸುವಾಸನೆಯ ಎಣ್ಣೆ ಸೇರಿಸಿದೆಯೆಂದೋ ಇರುವುದುಂಟು. ಮಿಶ್ರಣ ತಪ್ಪಲ್ಲ, ಎಣ್ಣೆಯನ್ನು ನಾನು ಒಲ್ಲೆ. ಶೇಕಡಾ 100 ಒಂದೇ ಗಟ್ಟಿಮರವೆಂದು ಸ್ಪಷ್ಟವಾಗಿ ಬರೆದ ಚೀಲಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ನನಗೆ ಸಂಕೋಚವಿಲ್ಲ.

ಬರೆದುದನ್ನು ನಂಬಿದರೂ ಕೈಯಿಂದ ಪರೀಕ್ಷಿಸಬೇಕು. ಒಂದು ಗುಳಿಗೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮುರಿದರೆ, ಚೆನ್ನಾಗಿ ಒಣಗಿದ ಹುರುಳಿ ಬಳ್ಳಿಯಂತೆ ಚಟ್ಟೆಂದು ಮುರಿಯಬೇಕು. ಮೈ ನುಣುಪಾಗಿ ಮಿರುಗಬೇಕು. ಮೂಸಿದರೆ ಬಡಗಿಯ ಅಂಗಳದ ವಾಸನೆ ಬರಬೇಕು. ಬೆರಳಲ್ಲಿ ಪುಡಿಪುಡಿಯಾಯಿತೆಂದರೆ ಅದು ತೇವ ಕುಡಿದಿದೆ. ಒಳ್ಳೆಯ ಗುಳಿಗೆಯಲ್ಲಿ ತೇವಾಂಶ ಶೇಕಡಾ 10ಕ್ಕಿಂತ ಕಡಿಮೆ. ಅದನ್ನು ಈ ಮಳೆನಾಡಿನಲ್ಲಿ ಕಾಪಾಡಿಕೊಳ್ಳುವುದೇ ಕಷ್ಟ. ಮುಚ್ಚಳ ಬಿಗಿಯದ ಡಬ್ಬಿಯಲ್ಲಿಟ್ಟಿದ್ದ ಚೆರ್ರಿ ಗುಳಿಗೆ ಒಂದೇ ತಿಂಗಳಲ್ಲಿ ಉಬ್ಬಿ ನೆನೆದ ಅವಲಕ್ಕಿಯಂತಾಗಿತ್ತು. ಸ್ವಲ್ಪವೇ ತೇವವಾದುದನ್ನು ಸಣ್ಣ ಕಾವಿನ ಓವನ್ನಿನಲ್ಲಿ ಒಣಗಿಸಿ ಬಳಸಬಹುದು. ಉಬ್ಬಿ ಒಡೆದುದನ್ನು ಗಿಡದ ಬುಡಕ್ಕೆ ಹಾಕುವುದೇ ಸರಿ.

ಹೊತ್ತಿಸುವಾಗ ಆತುರ ಕೂಡದು. ಕೊಳವೆಯ ಬಾಯಿಗೆ ಗ್ಯಾಸ್ ದೀವಟಿಗೆಯನ್ನು ಒಂದು ನಿಮಿಷ ಹಿಡಿದು, ಎದ್ದ ಜ್ವಾಲೆಯನ್ನು ಐದಾರು ನಿಮಿಷ ಹಾಗೆಯೇ ಉರಿಯಗೊಟ್ಟು, ತುದಿಯಲ್ಲಿ ಕೆಂಡ ನಿಂತ ಮೇಲೆ ಊದಿ ಆರಿಸಬೇಕು. ಆಗ ಮೊದಲು ಬರುವ ದಟ್ಟನೆಯ ಬಿಳಿಹೊಗೆ ಕಹಿಯ ತವರು. ಅದು ತೆಳ್ಳಗಾಗಿ, ಹಿಂದಿನ ಬೇಲಿ ಕಾಣುವಷ್ಟು ನೀಲಿಗೆ ತಿರುಗಿದ ಮೇಲೆಯೇ ಚೀಸನ್ನು ಒಳಗಿಡಬೇಕು. ಇದೆಲ್ಲ ನಡೆಯತಕ್ಕದ್ದು ಬಯಲಿನಲ್ಲಿ. ಹೊಗೆಯೊಡನೆ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಕಣ್ಣಿಗೂ ಮೂಗಿಗೂ ತಿಳಿಯದ ವಿಷವಾದುದರಿಂದ, ಮಳೆಯೆಂದು ಗ್ಯಾರೇಜಿನೊಳಕ್ಕೆ ಕೊಳವೆಯನ್ನು ಒಯ್ಯಲೇಬಾರದು. ಮೀನು ಮಾಂಸಗಳ ಗೊಡವೆಗೂ ಹೊಸಬರು ಹೋಗಬಾರದು. ಈ ಹೊಗೆ ಅವನ್ನು ಬೇಯಿಸುವುದಿಲ್ಲ, ತೂಕ ಹಾಕಿದ ಉಪ್ಪಿನ ಸಂಸ್ಕಾರವಿಲ್ಲದಿದ್ದರೆ ಈ ಹದವಾದ ಬಿಸುಪಿನಲ್ಲಿ ರೋಗಾಣುಗಳು ಸುಖವಾಗಿ ಬೆಳೆಯುತ್ತವೆ.

ಹೊಗೆಯಿಂದ ತೆಗೆದ ದಿನ ಚೀಸು ಬೂದಿಯ ರುಚಿಯನ್ನೇ ಕೊಡುತ್ತದೆ. ಗಾಳಿಯಾಡದಂತೆ ಸುತ್ತಿ ಶೀತಪೆಟ್ಟಿಗೆಯಲ್ಲಿ ಎರಡು ವಾರ ಮರೆತುಬಿಟ್ಟರೆ, ಮೇಲ್ಮೈಯಲ್ಲಿ ಕುಳಿತ ಗಂಧ ಮೆಲ್ಲಮೆಲ್ಲನೆ ಒಳಕ್ಕಿಳಿಯುತ್ತದೆ. ಸೇಬಿನ ಗುಳಿಗೆಯಲ್ಲಿ ಹೊಗೆಯಾಡಿಸಿದ ಆ ಜನವರಿಯ ಗಟ್ಟಿಯನ್ನು ಹದಿನಾಲ್ಕನೆಯ ದಿನ ಬಿಚ್ಚಿದಾಗ, ಮೊಮ್ಮಗಳು ಮೊದಲು ಅದನ್ನು ಮೂಗಿಗೆ ಹಿಡಿದು, ಆಮೇಲೆ ಅಂಚಿನ ಕಂದುಬಣ್ಣದ ಚೂರನ್ನೇ ಬೇಡಿ ತೆಗೆದುಕೊಂಡಳು.