ಕುಂಡದ ಗಿಡಕ್ಕೆ ಮೊದಲು ಬೆರಳು, ಆಮೇಲೆ ಚೊಂಬು

ಕನಕಪುರದಿಂದ ಮಳವಳ್ಳಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಹೋಬಳಿ ಕೇಂದ್ರ ಸಾತನೂರು. ಸುತ್ತಲಿನ ಹಳ್ಳಿಗಳಲ್ಲಿ ರಾಗಿ, ತೆಂಗು, ಹಿಪ್ಪುನೇರಳೆ. ಅನೇಕ ಮನೆಗಳಲ್ಲಿ ರೇಷ್ಮೆ ಹುಳು ಸಾಕಿದ ಅನುಭವ. ಮಣ್ಣು ಮುಟ್ಟಿ ಹದ ಹೇಳಬಲ್ಲ ಜನ. ಆದರೂ ಇಂಥ ಊರಿನಲ್ಲೇ ಹೊಸದಾಗಿ ತಾರಸಿ ಮನೆ ಕಟ್ಟಿಸಿ, ಮೆಟ್ಟಿಲ ಪಕ್ಕ ನಾಲ್ಕು ಹೂಕುಂಡ ಇಟ್ಟವರು ತಿಂಗಳೊಳಗೆ ಒಂದೇ ಮಾತು ಹೇಳುತ್ತಾರೆ: "ದಿನಾ ಎರಡು ಹೊತ್ತೂ ನೀರು ಹಾಕ್ತೀನಿ, ಆದ್ರೂ ಗಿಡ ಬಾಡ್ಕೊಂಡೇ ಹೋಯ್ತದಲ್ಲ!"

ಉತ್ತರ ಆ ಮಾತಿನಲ್ಲೇ ಇದೆ. ಎರಡು ಹೊತ್ತೂ ನೀರು ಹಾಕುವುದರಿಂದಲೇ ಗಿಡ ಬಾಡುತ್ತಿರುತ್ತದೆ.

ತೋಟಗಾರಿಕೆಯ ಈ ವಿಷಯ ಆರೋಗ್ಯದ ಅಂಕಣಕ್ಕೆ ಏಕೆ ಬಂತು ಎಂದು ಕೇಳಬಹುದು. ಗಿಡಕ್ಕೆ ಹೆಚ್ಚಾದ ನೀರು ಕುಂಡದ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನೀರು ಧಾರಾಳವಾಗಿ ಸಾಕು. ಗಿಡವನ್ನು ಕೊಲ್ಲುವ ನೀರು, ಮನೆಯ ಮಕ್ಕಳನ್ನು ಮಲಗಿಸುವ ನೀರು ಎರಡೂ ಒಂದೇ. ಆದ್ದರಿಂದ ಕುಂಡಕ್ಕೆ ನೀರು ಹಾಕುವ ಕ್ರಮ ತಿಳಿದುಕೊಂಡರೆ ಎರಡು ಉಪಕಾರ.

ಹೊಲದ ಲೆಕ್ಕ ಕುಂಡಕ್ಕೆ ಹಿಡಿಸದು

ಹೊಲದಲ್ಲಿ ಹೆಚ್ಚಾದ ನೀರು ಕೆಳಕ್ಕೆ ಇಂಗುತ್ತದೆ, ಇಲ್ಲವೇ ಬದು ದಾಟಿ ಹರಿದುಹೋಗುತ್ತದೆ. ಬೇರು ತನಗೆ ಬೇಕಾದ ಕಡೆಗೆ ಸಾಗುತ್ತದೆ. ಕುಂಡದಲ್ಲಿ ಈ ಅನುಕೂಲ ಇಲ್ಲ. ಅಲ್ಲಿರುವುದು ಒಂದೆರಡು ಬೊಗಸೆ ಮಣ್ಣು, ತಳದಲ್ಲಿ ಒಂದು ಸಣ್ಣ ತೂತು. ಅದೂ ಮುಚ್ಚಿಹೋದರೆ ಕುಂಡ ಕೊಡವಾದಂತೆಯೇ.

ಬೇರೂ ಉಸಿರಾಡುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಇರುವ ಗಾಳಿಯಿಂದ ಬೇರಿಗೆ ಆಮ್ಲಜನಕ ಸಿಗಬೇಕು. ಸಂದುಗಳೆಲ್ಲ ಸದಾ ನೀರಿನಿಂದಲೇ ತುಂಬಿದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಎತ್ತಲಾರದು. ಆಗ ಎಲೆ ಜೋಲುತ್ತದೆ. ನೋಡಿದವರು ಬಾಯಾರಿಕೆ ಎಂದು ತಿಳಿದು ಇನ್ನೊಂದು ಚೊಂಬು ಸುರಿಯುತ್ತಾರೆ. ಕಾಯಿಲೆಗೆ ಕಾರಣವಾದದ್ದನ್ನೇ ಔಷಧಿ ಎಂದು ಕೊಟ್ಟ ಹಾಗಾಗುತ್ತದೆ.

ಬಾಯಾರಿದ ಗಿಡಕ್ಕೂ ನೀರು ಹೆಚ್ಚಾದ ಗಿಡಕ್ಕೂ ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಬಾಯಾರಿದ ಗಿಡದ ಮಣ್ಣು ಕುಂಡದ ಅಂಚಿನಿಂದ ಬಿಟ್ಟುಕೊಂಡಿರುತ್ತದೆ, ಕುಂಡ ಹಗುರವಾಗಿರುತ್ತದೆ, ನೀರು ಹಾಕಿದ ಕೆಲವು ಗಂಟೆಗಳಲ್ಲಿ ಎಲೆ ನಿಮಿರುತ್ತದೆ. ನೀರು ಹೆಚ್ಚಾದ ಗಿಡದಲ್ಲಿ ಕೆಳಗಿನ ಎಲೆಗಳು ಹಳದಿಯಾಗುತ್ತವೆ, ಕಾಂಡದ ಬುಡ ಮೆತ್ತಗಾಗುತ್ತದೆ, ಮಣ್ಣು ಮುಗ್ಗಲು ವಾಸನೆ ಹೊಡೆಯುತ್ತದೆ. ಬೇಸಿಗೆಯ ಮಧ್ಯಾಹ್ನ ಸೊರಗಿದಂತೆ ಕಂಡ ಗಿಡಕ್ಕೆ ಕೂಡಲೇ ನೀರು ಸುರಿಯಬೇಡಿ. ಸಂಜೆ ತಂಪಾದ ಮೇಲೆ ನೋಡಿ. ಎಷ್ಟೋ ಗಿಡಗಳು ತಾವಾಗಿಯೇ ಚೇತರಿಸಿಕೊಂಡಿರುತ್ತವೆ.

ಬೆರಳೇ ಅಳತೆಗೋಲು

"ದಿನಕ್ಕೆ ಎಷ್ಟು ನೀರು ಹಾಕಬೇಕು?" ಎಂಬುದು ಹೊಸಬರ ಮೊದಲ ಪ್ರಶ್ನೆ. ಇದಕ್ಕೆ ಲೀಟರಿನ ಲೆಕ್ಕದಲ್ಲಿ ಉತ್ತರವಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ದಿನವೂ ನೀರು ಬೇಡುವ ಗಿಡ, ಆಗಸ್ಟಿನ ಮೋಡದ ದಿನಗಳಲ್ಲಿ ನಾಲ್ಕು ದಿನ ಸುಮ್ಮನಿರುತ್ತದೆ. ಮಣ್ಣಿನ ಕುಂಡದ ಗೋಡೆಯ ಮೂಲಕ ತೇವ ಆರುತ್ತದೆ, ಪ್ಲಾಸ್ಟಿಕ್ ಕುಂಡದಲ್ಲಿ ಆರುವುದಿಲ್ಲ. ಹೀಗಾಗಿ ಗಡಿಯಾರ ನೋಡಿ ನೀರು ಹಾಕುವ ಪದ್ಧತಿ ಬಿಡಬೇಕು.

ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತೇವ ತಗುಲಿದರೆ ನೀರು ಬೇಡ. ಒಣಗಿದ್ದರೆ ಹಾಕಿ. ಹಾಕುವಾಗ ಮೇಲ್ಮಣ್ಣು ಮಾತ್ರ ನೆನೆಯುವಂತೆ ಚಿಮುಕಿಸದೆ, ತಳದ ತೂತಿನಿಂದ ನೀರು ತೊಟ್ಟಿಕ್ಕುವವರೆಗೆ ನಿಧಾನವಾಗಿ ಹಾಕಿ. ಆಮೇಲೆ ಮಣ್ಣು ಮತ್ತೆ ಬೆರಳಿಗೆ ಒಣಗಿದಂತೆ ಕಾಣುವವರೆಗೆ ಆ ಕಡೆ ಹೋಗಬೇಡಿ. ಬೆಳಗಿನ ಹೊತ್ತು ಉತ್ತಮ.

ತುಳಸಿಯ ವಿಚಾರದಲ್ಲಿ ಒಂದು ಮಾತು. ಪೂಜೆಯ ಹೊತ್ತಿನಲ್ಲಿ ಒಂದು ಉದ್ಧರಣೆ ನೀರು ಬಿಡುವುದರಿಂದ ತುಳಸಿಗೆ ತೊಂದರೆಯಿಲ್ಲ. ಮನೆಯ ನಾಲ್ಕು ಜನ ಒಬ್ಬರಾದ ಮೇಲೊಬ್ಬರು ಚೊಂಬು ಚೊಂಬು ಸುರಿದರೆ, ಜೊತೆಗೆ ಗಿಡ ನೆರಳಿನಲ್ಲಿದ್ದರೆ ಅದು ಉಳಿಯುವುದಿಲ್ಲ. ತುಳಸಿಗೆ ಬಿಸಿಲು ಬೇಕು. ಭಕ್ತಿಗೆ ಉದ್ಧರಣೆ, ಬಾಯಾರಿಕೆಗೆ ಚೊಂಬು ಎಂದು ಬೇರೆ ಮಾಡಿಕೊಳ್ಳಿ.

ಮಣ್ಣು, ತೂತು, ಗೊಬ್ಬರ

ಕುಂಡದ ತಳದ ತೂತಿನ ಮೇಲೆ ಒಡೆದ ಹೆಂಚಿನ ಒಂದು ಚೂರನ್ನು ಡುಬ್ಬ ಮೇಲಾಗಿ ಇಡಿ. ಮಣ್ಣು ಹೊರಬರುವುದಿಲ್ಲ, ನೀರು ನಿಲ್ಲುವುದಿಲ್ಲ. ನಮ್ಮ ಕಡೆಯ ಕೆಮ್ಮಣ್ಣನ್ನು ಹಾಗೆಯೇ ತುಂಬಿದರೆ ಕೆಲವೇ ವಾರಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಎರಡು ಬುಟ್ಟಿ ಕೆಮ್ಮಣ್ಣಿಗೆ ಒಂದು ಬುಟ್ಟಿ ಮರಳು, ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸುವುದು ಒಳ್ಳೆಯ ಹದ. ಮರಳು ಸಿಗದಿದ್ದರೆ ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಅದರ ಉಪ್ಪಿನಂಶ ಕಳೆದು ಬಳಸಬಹುದು.

ಹಸಿ ಸಗಣಿ ಬೇಡ. ಅದು ಕೊಳೆಯುವಾಗ ಹುಟ್ಟುವ ಕಾವು ಎಳೆಯ ಬೇರನ್ನು ಸುಡುತ್ತದೆ. ರೇಷ್ಮೆ ಮನೆಯವರಿಗೆ ಇನ್ನೊಂದು ಅನುಕೂಲವಿದೆ. ಹುಳುವಿನ ಹಿಕ್ಕೆ, ತಿಂದು ಉಳಿದ ಸೊಪ್ಪು ಗುಂಡಿಯಲ್ಲಿ ಪೂರ್ತಿ ಕಳಿತರೆ ಕುಂಡಕ್ಕೆ ಉತ್ತಮ ಗೊಬ್ಬರ. ಗೊಬ್ಬರ ಯಾವುದೇ ಇರಲಿ, ಹೊಸದಾಗಿ ಕುಂಡ ಬದಲಿಸಿದ ಗಿಡಕ್ಕೆ ಮೂರು ನಾಲ್ಕು ವಾರ ಮತ್ತೆ ಗೊಬ್ಬರ ಹಾಕಬಾರದು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಕೊಡಬಾರದು ಎಂಬುದು ರೇಷ್ಮೆ ಸಾಕುವವರಿಗೆಲ್ಲ ಗೊತ್ತು. ಹೊಸ ಮಣ್ಣಿಗೆ ಬೇರು ಹೊಂದಿಕೊಳ್ಳುತ್ತಿರುವ ಗಿಡವೂ ಅಂಥದೇ ಸ್ಥಿತಿಯಲ್ಲಿ ಇರುತ್ತದೆ.

ನರ್ಸರಿಯ ಹಸಿರು ಬಲೆಯ ನೆರಳಿನಲ್ಲಿ ಬೆಳೆದ ಗಿಡವನ್ನು ತಂದ ದಿನವೇ ತಾರಸಿಯ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಎಂಟು ಹತ್ತು ದಿನ ಬೆಳಗಿನ ಎಳೆಬಿಸಿಲು ಮಾತ್ರ ತಾಗುವ ಕಡೆ ಇಟ್ಟು ರೂಢಿ ಮಾಡಿಸಿ.

ತಟ್ಟೆಯಲ್ಲಿ ಡೆಂಗಿ

ಈಗ ಕುಂಡದ ಕೆಳಗೆ ಬಗ್ಗಿ ನೋಡಿ. ನೆಲ ಕೊಳೆಯಾಗದಿರಲಿ ಎಂದು ಇಟ್ಟ ತಟ್ಟೆಯಲ್ಲಿ ನೀರು ನಿಂತಿದೆಯೇ?

ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಕಿಲ್ಲ. ಮನೆಯೊಳಗೆ, ಮನೆಯ ಸುತ್ತ ನಿಂತ ತಿಳಿನೀರೇ ಅದಕ್ಕೆ ಇಷ್ಟ. ಅದು ಕಚ್ಚುವುದು ಹಗಲಿನಲ್ಲಿ, ಹೆಚ್ಚಾಗಿ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮೊದಲು. ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರಬಲ್ಲವು. ಮತ್ತೆ ನೀರು ತಾಗಿದಾಗ ಮರಿಯಾಗುತ್ತವೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು.

ಇದರಿಂದ ಎರಡು ಪಾಠ ಕಲಿಯಬೇಕು. ಒಂದು, ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಖಾಲಿ ಮಾಡಬೇಕು. ಎರಡು, ಚೆಲ್ಲಿದರಷ್ಟೇ ಸಾಲದು. ತೆಂಗಿನ ನಾರಿನಿಂದ ತಟ್ಟೆಯ ಅಂಚನ್ನು ಗಸಗಸನೆ ಉಜ್ಜಿ, ಬಿಸಿಲಿಗೆ ಒಣಗಿಸಬೇಕು. ತಟ್ಟೆ ಇಲ್ಲದೆ ನಡೆಯುವ ಕಡೆ ಅದನ್ನು ತೆಗೆದೇಬಿಡಿ, ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಿ. ಬೇಕೇ ಬೇಕು ಎಂದಾದರೆ ತಟ್ಟೆಯ ತುಂಬ ಮರಳು ಹಾಕಿ.

ಬಾಟಲಿಯ ನೀರಿನಲ್ಲಿ ಬೆಳೆಸಿದ ಮನಿ ಪ್ಲಾಂಟ್, ಹಳೆಯ ಟೈರು, ಮೂಲೆಗಿಟ್ಟ ಒರಳುಕಲ್ಲು, ತೆಂಗಿನ ಚಿಪ್ಪು, ಮುಚ್ಚಳವಿಲ್ಲದ ಡ್ರಮ್ಮು ಇವೂ ಇದೇ ಪಟ್ಟಿಗೆ ಸೇರುತ್ತವೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ತುಂಬಿಟ್ಟದ್ದನ್ನು ಮುಚ್ಚಿಡುವುದು ನಮ್ಮ ಕೈಯಲ್ಲಿದೆ.

ಸರ್ಕಾರವೂ ಇದನ್ನು ಗಂಭೀರವಾಗಿ ಪರಿಗಣಿಸಿದೆ. 2024ರಲ್ಲಿ ಪ್ರಕರಣಗಳು ಏರಿದಾಗ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಅವಕಾಶ ಕೊಡುವ ಮನೆಗಳಿಗೆ ದಂಡ ಗೊತ್ತುಮಾಡಿತು. ಹಳ್ಳಿಯ ಮನೆಗೆ 200 ರೂಪಾಯಿ, ನಗರದ ಮನೆಗೆ 400 ರೂಪಾಯಿ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ತೊಟ್ಟಿ, ಕುಂಡ ಇಣುಕಿ ನೋಡಿದರೆ ಬೇಸರಪಡಬೇಡಿ. ಆಕೆ ಹುಡುಕುವುದು ನಿಮ್ಮ ತಪ್ಪನ್ನಲ್ಲ, ಸೊಳ್ಳೆಯ ಮರಿಯನ್ನು.

ಏಕಾಏಕಿ ತೀವ್ರ ಜ್ವರ, ತಲೆನೋವು, ಕಣ್ಣಿನ ಹಿಂಭಾಗದಲ್ಲಿ ನೋವು, ಮೈಕೈ ಕೀಲುನೋವು ಕಂಡರೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರ ಇಳಿಯಿತೆಂದು ಮೈಮರೆಯುವಂತಿಲ್ಲ. ಜ್ವರ ಇಳಿಯುವ ಹೊತ್ತಿನಲ್ಲೇ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಔಷಧಿ ಹೊಡೆಯುವ ಮುನ್ನ

ದಾಸವಾಳದ ಕುಡಿಯಲ್ಲಿ ಬೆಳ್ಳಗೆ ಹಿಟ್ಟು ಹಿಡಿದಂತೆ ಕಂಡರೆ ಅದು ಹಿಟ್ಟು ತಿಗಣೆ. ಹಿಪ್ಪುನೇರಳೆಯ ಕುಡಿಯನ್ನು ಮುದುರಿಸಿ ತುಕ್ರ ರೋಗ ತರುವ ಗುಲಾಬಿ ಬಣ್ಣದ ಹಿಟ್ಟು ತಿಗಣೆಯೇ ದಾಸವಾಳಕ್ಕೂ ಬರುತ್ತದೆ. ಕುಂಡದ ದಾಸವಾಳವನ್ನು ಉದಾಸೀನ ಮಾಡಿದರೆ ಪಕ್ಕದ ಹಿಪ್ಪುನೇರಳೆಗೂ ಹಬ್ಬಬಹುದು.

ಹಾಗೆಂದು ಕೀಟನಾಶಕದ ಡಬ್ಬಿಗೆ ಕೈಹಾಕಬೇಡಿ. ಹುಳು ಸಾಕುವ ಮನೆಯ ಹತ್ತಿರ ಹಾರಿದ ನಾಲ್ಕು ಹನಿ ವಿಷ ಇಡೀ ಚಾಕಿಯನ್ನೇ ಹಾಳುಮಾಡಬಹುದು. ಬೇವಿನ ಎಣ್ಣೆ, ತಂಬಾಕಿನ ಕಷಾಯ ಕೂಡ ರೇಷ್ಮೆ ಹುಳುವಿಗೆ ಆಗದು. ಅಂಗಳದಲ್ಲಿ ಆಡುವ ಮಕ್ಕಳಿಗೂ ಇದು ಅಪಾಯವೇ. ಮುದುರಿದ ಕುಡಿಯನ್ನು ಕತ್ತರಿಸಿ ಸುಟ್ಟುಬಿಡಿ. ಉಳಿದ ಎಲೆಗಳನ್ನು ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮಾರನೆಯ ದಿನ ಬರಿ ನೀರಿನಲ್ಲಿ ತೊಳೆಯಿರಿ. ನಾಲ್ಕು ಕುಂಡಗಳಿಗೆ ಇಷ್ಟು ಸಾಕು.

ಮೊದಲು ಯಾವ ಗಿಡ?

ಹೊಸಬರು ಗುಲಾಬಿಯಿಂದ ಆರಂಭಿಸಿ ಮನಸ್ಸು ಕೆಡಿಸಿಕೊಳ್ಳುವುದೇ ಹೆಚ್ಚು. ಒಂದು ಕಡ್ಡಿ ನೆಟ್ಟರೆ ಚಿಗುರುವ ದೊಡ್ಡಪತ್ರೆ, ವಾರಗಟ್ಟಲೆ ಮರೆತರೂ ಬದುಕುವ ಲೋಳೆಸರ, ತೇವ ಬಯಸುವ ಒಂದೆಲಗ ಈ ಮೂರನ್ನು ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದೇ ಮನೆಯಲ್ಲಿ ಮೂರು ಗಿಡಗಳಿಗೆ ಮೂರು ಬಗೆಯ ನೀರು ಎಂಬುದು ಒಂದು ತಿಂಗಳಲ್ಲಿ ಕೈಗೆ ಹತ್ತುತ್ತದೆ.

ಆಮೇಲೆ ಸೊಪ್ಪಿಗೆ ಬನ್ನಿ. ಅಗಲ ಬಾಯಿಯ, ಆರೇಳು ಅಂಗುಲ ಆಳದ ಕುಂಡದಲ್ಲಿ ದಂಟು, ಮೆಂತ್ಯ, ಪಾಲಕ್ ಚೆನ್ನಾಗಿ ಬರುತ್ತವೆ. ಹಲವು ಸೊಪ್ಪುಗಳು 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಸಿದ್ಧ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ದಂಟಿನ ತಳಿ ಅರ್ಕಾ ಸುಗುಣ, ಪಾಲಕ್ ತಳಿ ಅರ್ಕಾ ಅನುಪಮ ಮತ್ತೆ ಮತ್ತೆ ಕೊಯ್ದರೂ ಚಿಗುರುವಂಥವು. ಹೆಸರಘಟ್ಟದ ಕೆರೆ ತುಂಬುವುದು ಅರ್ಕಾವತಿಯಿಂದ. ಅದೇ ನದಿ ಕನಕಪುರವನ್ನು ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಹಾಗಾಗಿ ಈ ಹೆಸರು ನಮಗೆ ಹೊಸದಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇದೆ. ಕುಂಡದ ಒಂದು ಹಿಡಿ ಸೊಪ್ಪು ಅದಕ್ಕೆ ಚಿಕಿತ್ಸೆಯಲ್ಲ, ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆ ಬಿಡುವಂತಿಲ್ಲ. ಆದರೆ ಸೊಪ್ಪಿನ ಸಾರು, ಬಸ್ಸಾರು, ಪಲ್ಯ ಪದೇ ಪದೇ ಎಲೆಗೆ ಬರುವುದು ಒಳ್ಳೆಯದು. ಜೊತೆಗೆ ನಿಂಬೆಹುಳಿ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಸುಲಭ.

ಮನೆಯೊಳಗೆ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ಮಾತು ಬಹಳ ಕೇಳಿಬರುತ್ತದೆ. ಅಮೆರಿಕದ ನಾಸಾ ಸಂಸ್ಥೆ 1989ರಲ್ಲಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ನಡೆಸಿದ ಪ್ರಯೋಗ ಇದಕ್ಕೆ ಮೂಲ. ಮನೆ ಮುಚ್ಚಿದ ಪೆಟ್ಟಿಗೆಯಲ್ಲ. ಮೂರು ಕುಂಡಗಳು ಮಾಡುವುದಕ್ಕಿಂತ ತೆರೆದ ಕಿಟಕಿ ಮಾಡುವ ಕೆಲಸ ಹೆಚ್ಚು. ಸೊಂಪಾದ ಹಸಿರು ಮನಸ್ಸಿಗೆ ಕೊಡುವ ನೆಮ್ಮದಿ ಬೇರೆ ಮಾತು, ಅದಕ್ಕೆ ಪ್ರಯೋಗದ ಸಾಕ್ಷಿ ಬೇಕಿಲ್ಲ.

ಕೈ ಜೋಪಾನ

ಮಣ್ಣು ಮತ್ತು ಗೊಬ್ಬರದಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಕೈಯಲ್ಲಿ ಗಾಯ, ಬಿರುಕು ಇದ್ದರೆ ಕೈಚೀಲ ತೊಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ, ಉಗುರಿನ ಸಂದು ಬಿಡದೆ ತೊಳೆಯಿರಿ. ಮುಳ್ಳು, ತಂತಿ, ಮೊಳೆ ಚುಚ್ಚಿದರೆ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಕಣಗಿಲೆ ಗಿಡದ ಎಲ್ಲ ಭಾಗವೂ ವಿಷ. ಮನಿ ಪ್ಲಾಂಟಿನ ಎಲೆ ಅಗಿದರೆ ಬಾಯಿ ಉರಿಯುತ್ತದೆ. ತೆವಳುವ ಮಗು ಇರುವ ಮನೆಯಲ್ಲಿ ಇವೆರಡೂ ಕೈಗೆಟುಕದ ಎತ್ತರದಲ್ಲಿರಲಿ.

ವಾರದ ಕ್ರಮ ಇಷ್ಟೇ. ದಿನವೂ ಬೆಳಗ್ಗೆ ಬೆರಳಿಟ್ಟು ನೋಡುವುದು, ಬೇಕಾದ ಗಿಡಕ್ಕೆ ಮಾತ್ರ ನೀರು. ಭಾನುವಾರ ತಟ್ಟೆ, ಡ್ರಮ್ಮು, ಬಾಟಲಿ ಖಾಲಿ ಮಾಡಿ ಉಜ್ಜಿ ಒಣಗಿಸುವುದು. ಈ ಭಾನುವಾರದ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಿ. ಕುಣಿಯುವ ಸೊಳ್ಳೆಮರಿಯನ್ನು ಒಮ್ಮೆ ಕಣ್ಣಾರೆ ಕಂಡ ಮಗು, ನೀರು ನಿಂತ ತಟ್ಟೆಯನ್ನು ಮತ್ತೆ ಹಾಗೆಯೇ ಬಿಡುವುದಿಲ್ಲ.