ಕರುಳಿನ ಉರಿಯೂತ: ಒಳಪದರ ಹಸಿದಾಗ

ಫತೇಗಂಜ್ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಬೆಳಿಗ್ಗೆ ಫಾಫ್ಡಾ-ಜಲೇಬಿ ಸವಿದು, ರಾತ್ರಿ ಅನ್ನ-ಸಾರು ಉಣ್ಣುವವರು. ಹೊಟ್ಟೆ ಕೆಟ್ಟರೆ ಎಣ್ಣೆಯನ್ನೋ ನೀರನ್ನೋ ದೂರಿ ಸುಮ್ಮನಾಗುತ್ತೇವೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ಭಾವಿಸಿ, ಸಂಕೋಚದಿಂದ ಮನೆಯವರಿಗೂ ಹೇಳುವುದಿಲ್ಲ. ಆದರೆ ರಕ್ತ ಮತ್ತು ಲೋಳೆ ಬೆರೆತ ಭೇದಿ ವಾರಗಟ್ಟಲೆ ಮುಂದುವರಿದರೆ ಅದು ಕರುಳಿನ ಉರಿಯೂತದ ಕಾಯಿಲೆಯಾಗಿರಬಹುದು.

ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತವಾದುದು. ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಸಹೋದ್ಯೋಗಿಗಳು 1932ರಲ್ಲಿ ವಿವರಿಸಿದ ಕ್ರೋನ್ಸ್ ಕಾಯಿಲೆಯು ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ತಲೆದೋರಿ, ಕರುಳಿನ ಗೋಡೆಯ ಆಳಕ್ಕೂ ಇಳಿಯಬಲ್ಲದು. ಇವು ಕೇವಲ ಪಾಶ್ಚಾತ್ಯರ ಕಾಯಿಲೆಗಳೆಂಬ ನಂಬಿಕೆ ಸರಿಯಲ್ಲ. ಪಂಜಾಬಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 44 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕಂಡುಬಂದಿತ್ತು.

ಕರುಳಿನ ಚಯಾಪಚಯ ಕ್ರಿಯೆಗೂ ಈ ಉರಿಯೂತಕ್ಕೂ ನಿಕಟ ಸಂಬಂಧವಿದೆ. ನಮ್ಮ ದೇಹಕ್ಕೆ ಜೀರ್ಣಿಸಿಕೊಳ್ಳಲಾಗದ ನಾರಿನಂಶವನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್ ಎಂಬ ಪದಾರ್ಥವನ್ನು ತಯಾರಿಸುತ್ತವೆ. ಅಲ್ಲಿನ ಒಳಪದರದ ಜೀವಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಶೇ. 70ರಷ್ಟು ಇದರಿಂದಲೇ ದೊರೆಯುತ್ತದೆ. ಬ್ಯುಟಿರೇಟನ್ನು ಉರಿಸುವಾಗ ಆ ಜೀವಕೋಶಗಳು ಆಮ್ಲಜನಕವನ್ನು ಬಳಸಿಬಿಡುವುದರಿಂದ ಕರುಳಿನ ಒಳಭಾಗದಲ್ಲಿ ಆಮ್ಲಜನಕ ತೀರಾ ಕಡಿಮೆಯಿರುತ್ತದೆ. ಹಿತಕರ ಬ್ಯಾಕ್ಟೀರಿಯಾಗಳಿಗೆ ಬೇಕಾದುದೂ ಅದೇ.

ಉರಿಯೂತ ಉಂಟಾದಾಗ ಈ ಕೊಡುಕೊಳ್ಳುವಿಕೆ ಮುರಿದುಬೀಳುತ್ತದೆ. ಜೀವಕೋಶಗಳು ಬ್ಯುಟಿರೇಟನ್ನು ಸರಿಯಾಗಿ ಉರಿಸಲಾರವು, ಬಳಕೆಯಾಗದ ಆಮ್ಲಜನಕ ಒಳಕ್ಕೆ ಸೋರುತ್ತದೆ, ಇ. ಕೋಲಿಯಂತಹ ಬ್ಯಾಕ್ಟೀರಿಯಾಗಳು ಹೆಚ್ಚಿ, ಬ್ಯುಟಿರೇಟ್ ತಯಾರಿಸುವವು ಕುಗ್ಗುತ್ತವೆ. ದುರ್ಬಲಗೊಂಡ ಒಳಪದರವನ್ನು ದಾಟಿದ ಬ್ಯಾಕ್ಟೀರಿಯಾಗಳು ರೋಗನಿರೋಧಕ ವ್ಯವಸ್ಥೆಯನ್ನು ಮತ್ತೆ ಕೆರಳಿಸುತ್ತವೆ. ಅಲ್ಸರೇಟಿವ್ ಕೊಲೈಟಿಸ್ ಒಳಪದರದ ಶಕ್ತಿಯ ಕೊರತೆಯಿಂದ ಬರುವ ಕಾಯಿಲೆಯಾಗಿರಬಹುದೆಂದು ರೋಡಿಗರ್ ಎಂಬ ಸಂಶೋಧಕರು 1980ರಷ್ಟು ಹಿಂದೆಯೇ ಸೂಚಿಸಿದ್ದರು.

ಹಾಗೆಂದು ರಾಗಿಮುದ್ದೆ, ಸೊಪ್ಪು ತಿಂದರೆ ಕಾಯಿಲೆ ವಾಸಿಯಾಗುತ್ತದೆಂದು ಭಾವಿಸಬಾರದು. ಕಾಯಿಲೆ ಶಾಂತವಾಗಿರುವಾಗ ನಾರಿನಂಶ ಹಿತಕರವಾದರೂ, ಕರುಳು ಕಿರಿದಾಗಿರುವ ರೋಗಿಗೆ ಒರಟು ನಾರು ಅಪಾಯ ತರಬಹುದು. ಈ ವಿಷಯದಲ್ಲಿ ವೈದ್ಯರ ಸಲಹೆಯೇ ಪ್ರಮಾಣ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಡಲು ಅವಳಿಗಳಂತಿವೆ: ಅದೇ ಹೊಟ್ಟೆನೋವು, ಅದೇ ಜ್ವರ, ಅದೇ ತೂಕನಷ್ಟ. ಕ್ಷಯಕ್ಕೆ ಸ್ಟೆರಾಯ್ಡ್ ಮಾತ್ರ ಕೊಟ್ಟರೆ ಸೋಂಕು ಉಲ್ಬಣಿಸುತ್ತದೆ. ಕ್ರೋನ್ಸ್‌ಗೆ ಕ್ಷಯದ ಮಾತ್ರೆ ಕೊಟ್ಟರೆ ಅಮೂಲ್ಯ ತಿಂಗಳುಗಳು ವ್ಯರ್ಥವಾಗುತ್ತವೆ. ಆದ್ದರಿಂದ ಕೊಲೊನೋಸ್ಕೋಪಿ ಮತ್ತು ಬಯಾಪ್ಸಿಗೆ ಹಿಂಜರಿಯಬಾರದು.

ಚಿಕಿತ್ಸೆಗೆ ಮೆಸಲಮಿನ್, ಸ್ಟೆರಾಯ್ಡ್, ಅಜಥಯೊಪ್ರಿನ್ ಹಾಗೂ ಜೈವಿಕ ಔಷಧಗಳಿವೆ. ಜೈವಿಕ ಔಷಧಗಳಲ್ಲೊಂದಾದ ಅಡಾಲಿಮುಮಾಬ್‌ನ ಅಗ್ಗದ ಸಮರೂಪವನ್ನು ಅಹಮದಾಬಾದಿನ ಝೈಡಸ್ ಸಂಸ್ಥೆಯು 2014ರಲ್ಲಿ ಬಿಡುಗಡೆ ಮಾಡಿದುದು ಗುಜರಾತಿಗೆ ಹೆಮ್ಮೆಯ ಸಂಗತಿ. ಇಂತಹ ಔಷಧವು ಸುಪ್ತ ಕ್ಷಯವನ್ನು ಎಬ್ಬಿಸಬಲ್ಲದಾದ್ದರಿಂದ ಮೊದಲು ಅದರ ತಪಾಸಣೆ ಆಗಲೇಬೇಕು.

ಲಕ್ಷಣಗಳು ಮಾಯವಾದೊಡನೆ ಮಾತ್ರೆ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ. ನೋವು ನಿಂತ ಮಾತ್ರಕ್ಕೆ ಒಳಗಿನ ಹುಣ್ಣು ಮಾಗಿತೆಂದು ಅರ್ಥವಲ್ಲ. ಸಂಕೋಚವನ್ನು ಬದಿಗಿಟ್ಟು ಮನೆಯವರೊಡನೆ, ವೈದ್ಯರೊಡನೆ ಮುಕ್ತವಾಗಿ ಮಾತನಾಡೋಣ.